ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾ: ಕೊಂಕಣದಿಂದ ಧಾರವಾಡಕ್ಕೆ ತಂದು ಬೆಳೆಸೋದು ಹೆಂಗ?

ಸಾಧನಕೇರಿ ಓದುಗ

ನಮಸ್ಕಾರ್ರಿ ಎಲ್ಲಾರಿಗೂ. ಎಂಎಸ್ಸಿ ಮಕ್ಕಳ ಪ್ರಾಜೆಕ್ಟಿಗೆ ರತ್ನಾಗಿರಿ ಜಿಲ್ಲೆಯ ಬಿಸಿನೀರ ಬುಗ್ಗೆಗಳಿಂದ ಮಾದರಿ ತಂದು, ಧಾರವಾಡದಾಗ ಬಿಸಿ ಬಯಸೋ ಥರ್ಮಸ್ ಕುಲದ ಬ್ಯಾಕ್ಟೀರಿಯಾ ಬ್ಯಾರೆ ಮಾಡಿ ಬೆಳೆಸೋ ವಿಚಾರ ಐತಿ. ಕೈಯಾಗ ಇರೋದು ಒಂದು ವಾಟರ್ ಬಾತ್, 80 ಡಿಗ್ರಿ ತನಕ ಹೋಗೋ ಒಂದು ಓವನ್, 10 ಲೀಟರಿನ ಮನಿ ಕುಕ್ಕರ್, ಪಿಎಚ್ ಮೀಟರ್, ಸೂಕ್ಷ್ಮದರ್ಶಕ. ಆಟೋಕ್ಲೇವ್ (ಒತ್ತಡದ ಹಬೆಯಿಂದ ಜೀವಿ ಕೊಂದು ಶುದ್ಧ ಮಾಡೋ ಯಂತ್ರ) ಇಲ್ಲ.

ಕೇಳೋದು ಮೂರೇ ಮಾತು. ಮಾದರಿಯನ್ನ ಬಿಸಿ ಆರದಂಗ ಥರ್ಮಾಸ್ ಫ್ಲಾಸ್ಕಿನಾಗ ತರಬೇಕೋ? 70 ಡಿಗ್ರಿಗೆ ಅಗರ್ ಪ್ಲೇಟ್ (ಅಗರ್ ಹಾಕಿ ಹೆಪ್ಪುಗಟ್ಟಿಸಿದ ಆಹಾರದ ತಟ್ಟಿ) ತಡೀತಾವೋ? ಅಷ್ಟು ದೂರ ಹೋಗೋ ಬದಲಿ ಪುತ್ತೂರಿನ ಹತ್ತಿರದ ಬೆಂದ್ರು ತೀರ್ಥದ ನೀರು ತಂದ್ರ ನಡೀತೈತೋ?

ಅತ್ತಿಕೊಳ್ಳದ ಅಕ್ಕ

ಕಡೀ ಪ್ರಶ್ನೆಯಿಂದ ಶುರು ಮಾಡ್ತೀನಿ. ಇರ್ದೆಯ ಬೆಂದ್ರು ತೀರ್ಥದ ನೀರು ಬೆಚ್ಚಗ ಐತಿ, ಬಿಸಿ ಅಲ್ಲ. ಹೆಚ್ಚು ಕಡಿಮಿ ನಮ್ಮ ಮೈ ಬಿಸಿಯಷ್ಟೇ. ಆ ಬಿಸಿಗೆ ನಮ್ಮ ಕರುಳಿನ ಈ. ಕೋಲೈ ಸೈತ ಆರಾಮಾಗಿ ಬೆಳೀತೈತಿ. ಉಷ್ಣಪ್ರಿಯ ಅಂತ ಕರೀಬೇಕಂದ್ರ ಆ ಜೀವಿ 45 ಡಿಗ್ರಿಗಿಂತ ಮ್ಯಾಲ ಚೆನ್ನಾಗಿ ಬೆಳೀಬೇಕು. 80ರ ಮ್ಯಾಲ ಬೆಳೆಯೋವನ್ನ ಅತಿ ಉಷ್ಣಪ್ರಿಯ ಅಂತಾರ. ರತ್ನಾಗಿರಿಯೊಳಗೂ ಎಲ್ಲಾ ಬುಗ್ಗೆ ಒಂದೇ ಅಲ್ಲ. ರಾಜಾಪುರದ್ದು ಸುಮಾರು 40ರ ಆಸುಪಾಸು, ನಿಮಗ ಉಪಯೋಗ ಕಡಿಮಿ. ತುರಳದ್ದು 60ರ ಸನಿಹ. ಉನ್ಹವರೆಯದು 70ರ ಸನಿಹ. ಒಂದೇ ಕಡೆ ಹೋಗೂದಿದ್ರ ಉನ್ಹವರೆಗೆ ಹೋಗ್ರಿ.

ಈ ಕುಲದ ಹೆಸರಾದ ಜಾತಿ ಥರ್ಮಸ್ ಅಕ್ವಾಟಿಕಸ್ ಸಿಕ್ಕ ಕಥಿ ತಿಳಕೊಂಡ್ರ ನಿಮ್ಮ ಕೆಲಸ ಅರ್ಧ ಹಗುರ ಆಗ್ತೈತಿ. ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಅಮೆರಿಕದ ಯೆಲ್ಲೋಸ್ಟೋನಿನ ಮಶ್ರೂಮ್ ಸ್ಪ್ರಿಂಗ್ ಅನ್ನೋ ಬುಗ್ಗೆಯ ಮಾದರಿಯಿಂದ 1966ರಾಗ ಅದನ್ನ ಬೆಳೆಸಿ, 1969ರಾಗ ಪ್ರಕಟ ಮಾಡಿದ್ರು. ಅದು ಬೆಳೆಯೋದು 40ರಿಂದ 79 ಡಿಗ್ರಿ ನಡುವ. 70 ಅದಕ್ಕ ಪಸಂದ. ಮುಂದ ಬ್ರಾಕ್ ಮತ್ತು ಜೊತೆಗಾರರು ಇಂಥಾವೇ ಜೀವಿಗಳನ್ನ ಕಟ್ಟಡಗಳ ಬಿಸಿನೀರ ಟ್ಯಾಂಕಿನೊಳಗೂ ಹುಡುಕಿ ತಗದ್ರು. ಹಂಗಾಗಿ ಕೊಂಕಣಕ್ಕ ಹೋಗೋಕಿಂತ ಮೊದಲ, 60 ಡಿಗ್ರಿಗೆ ಸದಾ ನಿಂತಿರೋ ಯಾವುದಾದ್ರೂ ಮಾಳಿಗೆ ಮ್ಯಾಲಿನ ಸೋಲಾರ್ ಹೀಟರಿನ ತಳದ ವಾಲ್ವ್ ಬಿಚ್ಚಿ, ಮೊದಲ ಬರೋ ಕೆಸರು ನೀರನ್ನ ಹಿಡೀರಿ. ವಿಧಾನ ಕಲಿಯೋದಕ್ಕ ಇಷ್ಟು ಸಾಕು. ಕೊಂಕಣದ ಮಾದರಿ ಒಮ್ಮೆ ಕೆಟ್ರ ಮತ್ತೊಮ್ಮೆ 300 ಕಿಲೋಮೀಟರ್ ದಾರಿ ಸವೆಸಬೇಕು.

ಉಣಕಲ್ ಪ್ರಯೋಗಶಾಲೆ

ಥರ್ಮಾಸ್ ಫ್ಲಾಸ್ಕ್ ಬ್ಯಾಡ್ರಿ. ಬಹಳ ಜನ ಎಡವೋ ಜಾಗ ಇದು. ಬಿಸಿ ಬಯಸೋ ಜೀವಿ ತಂಪಾದ ಕೂಡ್ಲೇ ಸಾಯ್ತೈತಿ ಅನ್ನೋದು ತಪ್ಪು ತಿಳುವಳಿಕೆ. ತಂಪಾದ್ರ ಅದು ಬೆಳವಣಿಗಿ ನಿಲ್ಲಿಸಿ ಸುಮ್ಮನ ಕೂಡ್ತೈತಿ, ಅಷ್ಟೇ. ಥರ್ಮಸ್ ಸಾಮಾನ್ಯ ಕೋಣೆಯ ಬಿಸಿಗೆ ಕೆಲವು ದಿನ ಆರಾಮಾಗಿ ಬದುಕ್ತೈತಿ. ಆದ್ರ ಮುಚ್ಚಿದ ಫ್ಲಾಸ್ಕಿನಾಗ 65 ಡಿಗ್ರಿ ಇಟ್ರ, ಎಲ್ಲಾ ಜೀವಿಗಳೂ ಪೂರ್ತಿ ಚುರುಕಾಗಿ ಕೆಲಸ ಮಾಡ್ತಾವ: ಇದ್ದ ಆಮ್ಲಜನಕ ತಾಸಿನೊಳಗ ತೀರ್ತೈತಿ, ಇದ್ದ ಆಹಾರ ತೀರ್ತೈತಿ, ಆಮೇಲೆ ಸಾವು. ಆಮ್ಲಜನಕ ಆಗದ ಪೈರೊಕಾಕಸ್ ಜಾತಿಯವುಗಳದ್ದಂತೂ ಇನ್ನೂ ಸ್ಪಷ್ಟ: ಅವನ್ನ ಗಾಳಿ ಕೊಲ್ಲೋದು ಬಿಸಿ ಇದ್ದಾಗ, 4 ಡಿಗ್ರಿಗೆ ಇಟ್ರ ಗಾಳಿ ಸೋಕಿದ್ರೂ ಬಹಳ ಕಾಲ ತಡೀತಾವ.

ಹಿಂಗ ಮಾಡ್ರಿ:

ಜನ ಸ್ನಾನಕ್ಕ ಇಳಿಯೋಕಿಂತ ಮೊದಲ, ನಸುಕಿನ್ಯಾಗ ಹೋಗ್ರಿ. ಸ್ನಾನದ ಕುಂಡದ ನೀರು ಬ್ಯಾಡ, ಸೋಪು ಮತ್ತು ಮೈಯ ಬ್ಯಾಕ್ಟೀರಿಯಾ ಇರ್ತಾವ. ನೀರು ಉಕ್ಕೋ ಬಾಯಿ ಬೇಕು. ದೇವಸ್ಥಾನದ ಜಾಗ ಆದ್ರ ಪೂಜಾರಿಗಳನ್ನ, ಪಂಚಾಯ್ತಿಯವರನ್ನ ಮೊದಲ ಕೇಳ್ರಿ.

ತಾಪಮಾನವನ್ನ ಬಾಟ್ಲಿ ಮುಳುಗಿಸೋ ಜಾಗದಾಗೇ ಅಳೀರಿ. ಬಾಯಿಂದ ಎರಡು ಮೀಟರ್ ಹರಿದ್ರೊಳಗ 10 ಡಿಗ್ರಿ ಇಳಿದಿರಬಹುದು, ಜೀವಿಗಳೂ ಬದಲಾಗಿರ್ತಾವ. ಪಿಎಚ್ ಸೈತ ಅಲ್ಲೇ ನೋಡ್ರಿ. ಆರಿದ ಮ್ಯಾಲ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರ್ತೈತಿ, ಲ್ಯಾಬಿನಾಗ ನೋಡಿದ ಅಂಕಿ ಬುಗ್ಗೆಯದ್ದಾಗಿರೂದಿಲ್ಲ.

250 ಮಿಲಿಯ ಪಾಲಿಪ್ರೊಪಿಲೀನ್ ಬಾಟ್ಲಿ, ಕುಕ್ಕರಿನಾಗ ಶುದ್ಧ ಮಾಡಿದ್ದು, ಕಂಠಮಟ್ಟ ತುಂಬಿ. ಕಲ್ಲಿಗೆ ಅಂಟಿದ ಲೋಳೆ ಪದರ ಸಿಕ್ರ 1–2 ಗ್ರಾಂ ಕೆರೆದು 50 ಮಿಲಿಯ ಟ್ಯೂಬಿನಾಗ ಅದೇ ನೀರಿನ ಜೊತಿ ಹಾಕ್ರಿ. ನೀರಿಗಿಂತ ಲೋಳೆಯಾಗ ಜೀವಿ ಎಷ್ಟೋ ಪಟ್ಟು ಹೆಚ್ಚು. ಕೈ ಹಾಕಬ್ಯಾಡ್ರಿ, 70 ಡಿಗ್ರಿ ನೀರು ಸೆಕೆಂಡಿನೊಳಗ ಚರ್ಮ ಬೇಯಿಸ್ತೈತಿ. ಬಿದಿರಿನ ಕೋಲಿಗೆ ಬಾಟ್ಲಿ ಕಟ್ರಿ. ಜೊತಿಗೆ 5 ಲೀಟರ್ ಬುಗ್ಗೆ ನೀರು ಬ್ಯಾರೆ ಕ್ಯಾನಿನಾಗ ತರ್ರಿ. ಅದು ಮೀಡಿಯಾಕ್ಕ, ಅಂದ್ರ ಜೀವಿ ಬೆಳೆಸೋ ಆಹಾರದ ದ್ರಾವಣಕ್ಕ.

ಬಣ್ಣವನ್ನೂ ಬರಕೊಳ್ರಿ. ಹಸಿರು ಕಂಡ ಜಾಗ 73 ಡಿಗ್ರಿಗಿಂತ ಕೆಳಗ ಐತಿ ಅಂತಲೇ ಅರ್ಥ, ಯಾಕಂದ್ರ ಬೆಳಕಿನಿಂದ ಆಹಾರ ಮಾಡಿಕೊಳ್ಳೋ ಯಾವ ಜೀವಿಯೂ ಅದರ ಮ್ಯಾಲ ಬದುಕೂದಿಲ್ಲ. ಥರ್ಮಸ್‌ಗೆ ಬೆಳಕು ಬ್ಯಾಡ. ಹಸಿರು ಪದರದವು ಸೋರಿಸಿದ್ದನ್ನ ತಿಂದು ಅದು ಬದುಕ್ತೈತಿ. ಹಂಗಾಗಿ ಹಸಿರು ಶುರುವಾಗೋ ಅಂಚೇ ಒಳ್ಳೆ ಜಾಗ.

ಸಾಧನಕೇರಿ ಓದುಗ

ಬಹಳ ಉಪಕಾರ್ರಿ. ಮೀಡಿಯಾ ನ್ಯೂಟ್ರಿಯೆಂಟ್ ಅಗರ್ ನಡೀತೈತೋ? ಅದರ ಡಬ್ಬಿ ಕಾಲೇಜಿನಾಗ ಐತಿ.

ಅತ್ತಿಕೊಳ್ಳದ ಅಕ್ಕ

ಇಲ್ಲ. ಥರ್ಮಸ್ ಬಡ ನೀರಿನಾಗ ಬೆಳೆದ ಜೀವ, ಬಹಳ ಸಾರದ ಆಹಾರ ಕೊಟ್ರ ಏಳೂದಿಲ್ಲ. ಬ್ರಾಕ್ ಕೊಟ್ಟ ಪ್ರಮಾಣ ಟ್ರಿಪ್ಟೋನ್ ಶೇಕಡಾ 0.1, ಯೀಸ್ಟ್ ಎಕ್ಸ್‌ಟ್ರಾಕ್ಟ್ ಶೇಕಡಾ 0.1. ಅಂದ್ರ ಲೀಟರಿಗೆ ಒಂದೊಂದು ಗ್ರಾಂ. ಅದರ ಮ್ಯಾಲ ಹೋಗಬ್ಯಾಡ್ರಿ.

ಉಪ್ಪಿನ ತಳಪಾಯ ಕಾಸ್ಟೆನ್‌ಹೋಲ್ಜ್ ದ್ರಾವಣ. ಲೀಟರಿಗೆ: ನೈಟ್ರಿಲೋ ಟ್ರೈ ಅಸಿಟಿಕ್ ಆಮ್ಲ 0.1 ಗ್ರಾಂ, ಕ್ಯಾಲ್ಸಿಯಂ ಸಲ್ಫೇಟ್ 0.06, ಮೆಗ್ನೀಸಿಯಂ ಸಲ್ಫೇಟ್ 0.1, ಅಡುಗಿ ಉಪ್ಪು 0.008, ಪೊಟ್ಯಾಸಿಯಂ ನೈಟ್ರೇಟ್ 0.103, ಸೋಡಿಯಂ ನೈಟ್ರೇಟ್ 0.689, ಡೈಸೋಡಿಯಂ ಫಾಸ್ಫೇಟ್ 0.111, ಶೇಕಡಾ 0.03ರ ಫೆರಿಕ್ ಕ್ಲೋರೈಡ್ ದ್ರಾವಣ 1 ಮಿಲಿ, ಸೂಕ್ಷ್ಮ ಲವಣಗಳ ದ್ರಾವಣ 1 ಮಿಲಿ. ಪಿಎಚ್ 8.2. ಆ ಮೊದಲನೇ ಆಮ್ಲ ಬಿಡಬ್ಯಾಡ್ರಿ: ಕಬ್ಬಿಣ, ಕ್ಯಾಲ್ಸಿಯಂ ತಳಕ್ಕ ಕೂಡದಂಗ ಹಿಡಿದಿಡೋದು ಅದೇ. ಅದು ನೀರಿನಾಗ ಸುಲಭವಾಗಿ ಕರಗೂದಿಲ್ಲ, ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಮೊದಲೇ ಕರಗಿಸಿಕೊಳ್ರಿ. ಫಾಸ್ಫೇಟನ್ನ ಬ್ಯಾರೆ ಬಾಟ್ಲಿಯಾಗ ಶುದ್ಧ ಮಾಡಿ, ಆರಿದ ಮ್ಯಾಲ ಕೂಡಿಸ್ರಿ. ಒಟ್ಟಿಗೆ ಕಾಯಿಸಿದ್ರ ಬಿಳಿ ಮಡ್ಡಿ ಕೂಡ್ತೈತಿ.

ಇದೆಲ್ಲಾ ಹೊಂದಿಸೂದಾಗಲಿಲ್ಲ ಅಂದ್ರ, ತಂದ 5 ಲೀಟರ್ ಬುಗ್ಗೆ ನೀರನ್ನ ಸೋಸಿ, ಅದಕ್ಕ ಅದೇ ಒಂದೊಂದು ಗ್ರಾಂ ಸೇರಿಸ್ರಿ. ನನ್ನ ಅಭಿಪ್ರಾಯದಾಗ ಮೊದಲ ಸುತ್ತಿಗೆ ಇದೇ ಛಲೋ. ಜೀವಿಗೆ ಒಗ್ಗಿದ ನೀರು ಅದು.

ಇನ್ನೊಂದು ಮಾತು. ಪಿಎಚ್ ಏರಿಳಿಯದಂಗ ಹಿಡಿಯೋದಕ್ಕ ಟ್ರಿಸ್ ಅನ್ನೋ ರಾಸಾಯನಿಕ ಬಳಸೋರು ಎಚ್ಚರ. ಒಂದು ಡಿಗ್ರಿ ಬಿಸಿ ಏರಿದ್ರ ಟ್ರಿಸ್‌ನ ಪಿಎಚ್ 0.028ರಷ್ಟು ಬೀಳ್ತೈತಿ. 25 ಡಿಗ್ರಿಯಾಗ 8.0 ಅಂತ ಹೊಂದಿಸಿದ್ದು 70 ಡಿಗ್ರಿಗೆ ಹೋದಾಗ ಸುಮಾರು 6.7 ಆಗಿರ್ತೈತಿ. ಜೀವಿ ಬೆಳೀಲಿಲ್ಲ ಅಂತ ಬುಗ್ಗೆಯನ್ನ ದೂರ್ತಾರ, ತಪ್ಪು ಬಾಟ್ಲಿಯೊಳಗ ಇರ್ತೈತಿ.

ಬೆಟಗೇರಿ ಮಗ್ಗ

ಕುಕ್ಕರಿನ ವಿಷಯ ಯಾರೂ ಎತ್ತಲಿಲ್ಲ, ಅದಕ್ಕ ಬರೀತೀನಿ. ಪುಸ್ತಕದಾಗ 121 ಡಿಗ್ರಿ, 15 ನಿಮಿಷ ಅಂತ ಇರ್ತೈತಿ. ಅದು ಸಮುದ್ರಮಟ್ಟದ ಲೆಕ್ಕ. ಧಾರವಾಡ ಇರೋದು ಸುಮಾರು 750 ಮೀಟರ್ ಎತ್ತರದಾಗ, ಇಲ್ಲಿ ನೀರು ಕುದಿಯೋದೇ 97.5 ಡಿಗ್ರಿ ಆಸುಪಾಸಿಗೆ. ಕುಕ್ಕರಿನ ವೇಟ್ ಚದರ ಇಂಚಿಗೆ 15 ಪೌಂಡ್ ಒತ್ತಡಕ್ಕ ಏಳ್ತೈತಿ ನಿಜ, ಆದ್ರ ಅದು ಹೊರಗಿನ ಗಾಳಿಯ ಒತ್ತಡದ ಮ್ಯಾಲಿನ 15. ಹೊರಗಿನದ್ದೇ ಕಡಿಮಿ ಇದ್ದಾಗ ಒಳಗಿನ ಹಬೆ 119.5 ಡಿಗ್ರಿಗೆ ನಿಲ್ತೈತಿ. ಒಂದೂವರೆ ಡಿಗ್ರಿ ಏನು ಮಹಾ ಅನ್ನಬ್ಯಾಡ್ರಿ. ಸ್ಪೋರ್ (ಬ್ಯಾಕ್ಟೀರಿಯಾದ ಗಟ್ಟಿ ಚಿಪ್ಪಿನ, ಬಿಸಿ ತಡಿಯೋ ರೂಪ) ಸಾಯೋ ವೇಗ 10 ಡಿಗ್ರಿಗೆ ಹತ್ತು ಪಟ್ಟು ಬದಲಾಗ್ತೈತಿ. ಈ ಲೆಕ್ಕದಾಗ ಇಲ್ಲಿಯ 15 ನಿಮಿಷ ಅಂದ್ರ ಅಲ್ಲಿಯ 11 ನಿಮಿಷಕ್ಕ ಸಮ. 21 ನಿಮಿಷ ಇಡ್ರಿ. ಗದಗ, ಹುಬ್ಬಳ್ಳಿ ಸ್ವಲ್ಪ ತಗ್ಗು, ಅಲ್ಲಿಯೂ 20ಕ್ಕ ಕಡಿಮಿ ಬ್ಯಾಡ.

ತಳದಾಗ ಮೂರು ಸೆಂಟಿಮೀಟರ್ ನೀರು, ಮ್ಯಾಲ ತೂತಿನ ತಟ್ಟಿ. ಬಾಟ್ಲಿ ಮೂರರಾಗ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು, ಮುಚ್ಚಳ ಸಡಿಲ. ವೇಟ್ ಇಡದ 5 ನಿಮಿಷ ಹಬೆ ಬಿರುಸಾಗಿ ಬಿಡ್ರಿ. ಒಳಗ ಗಾಳಿ ಉಳಿದ್ರ ಒತ್ತಡ ಬರ್ತೈತಿ, ಬಿಸಿ ಬರೂದಿಲ್ಲ. ಮೊದಲ ಸೀಟಿ ಆದ ಮ್ಯಾಲ ಉರಿ ಸಣ್ಣ ಮಾಡಿ ಅಲ್ಲಿಂದ ಹೊತ್ತು ಎಣಿಸ್ರಿ. ಮುಗಿದ ಮ್ಯಾಲ ವೇಟ್ ಎತ್ತಬ್ಯಾಡ್ರಿ, ಮೀಡಿಯಾ ಉಕ್ಕಿ ಅರ್ಧ ಹೊರಗ ಬರ್ತೈತಿ. ತಾನಾಗೇ ಆರ್ಲಿ.

ಶುದ್ಧ ಆಗೈತೋ ಇಲ್ಲೋ ನೋಡೋದಕ್ಕ ಬಳಸೋದೂ ಒಂದು ಉಷ್ಣಪ್ರಿಯ ಬ್ಯಾಕ್ಟೀರಿಯಾನೇ: ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್. ಆಸ್ಪತ್ರೆಗಳಿಗೆ ಬರೋ ಸಣ್ಣ ಆಂಪೂಲಿನಾಗ ಅದರ ಲಕ್ಷಗಟ್ಟಲೆ ಸ್ಪೋರ್ ಮತ್ತು ನೇರಳೆ ದ್ರಾವಣ ಇರ್ತಾವ. ಸಾಮಾನಿನ ನಡುವ ಒಂದು ಆಂಪೂಲ್ ಇಟ್ಟು, ಆಮೇಲೆ 55–60 ಡಿಗ್ರಿಗೆ 48 ತಾಸು ಇಡ್ರಿ. ನೇರಳೆ ಉಳಿದ್ರ ಎಲ್ಲಾ ಸತ್ತಾವ. ಹಳದಿ ಆದ್ರ ಉಳದಾವ. ಕಾಯಿಸದ ಒಂದು ಆಂಪೂಲನ್ನ ಜೋಡಿ ಇಡೋದು ಮರೀಬ್ಯಾಡ್ರಿ. ಅದು ಹಳದಿ ಆಗಲಿಲ್ಲ ಅಂದ್ರ ನಿಮ್ಮ ಓವನ್ ಬಿಸಿ ಸರಿ ಇಲ್ಲ, ಇಲ್ಲಾ ಆಂಪೂಲ್ ಅವಧಿ ಮೀರೈತಿ. ಆಗ ಮೊದಲನೇದರ ನೇರಳೆಗೆ ಅರ್ಥ ಇಲ್ಲ.

ಉಣಕಲ್ ಪ್ರಯೋಗಶಾಲೆ

ಅಗರ್ ಪ್ರಶ್ನೆ ಉಳೀತು. ಅಗರ್ ಕರಗೋದು 85ರ ಆಸುಪಾಸು, ಹಂಗಾಗಿ 70ಕ್ಕ ಕರಗೂದಿಲ್ಲ. ಆದ್ರ ಮೆತ್ತಗಾಗ್ತೈತಿ, ನೀರು ಬಿಡ್ತೈತಿ, ಆ ನೀರಿನ ಮ್ಯಾಲ ಕಾಲೊನಿಗಳು (ಒಂದೊಂದು ಜೀವಿಯಿಂದ ಬೆಳೆದ ಚುಕ್ಕಿ ಗುಂಪುಗಳು) ಹರಡಿ ಒಂದಕ್ಕೊಂದು ಕೂಡ್ತಾವ. ರೂಢಿಯ ಶೇಕಡಾ 1.5ರ ಬದಲಿ ಶೇಕಡಾ 3 ಹಾಕ್ರಿ. ಪ್ಲೇಟಿಗೆ 30 ಮಿಲಿ ಸುರೀರಿ, 15 ಹಾಕಿದ್ರ ಒಂದೇ ರಾತ್ರಿಗೆ ಹಪ್ಪಳ.

75ರ ಮ್ಯಾಲ ಹೋಗೂದಿದ್ರ ಅಗರ್ ಬದಲಿ ಜೆಲ್ಲನ್ ಗಮ್ ತಗೊಳ್ರಿ. ಗಟ್ಟಿ ಕೂಡೋ ಲೋ-ಅಸೈಲ್ ತರಹದ್ದು, ಲೀಟರಿಗೆ 8 ಗ್ರಾಂ, ಜೊತಿಗೆ ಮೆಗ್ನೀಸಿಯಂ ಕ್ಲೋರೈಡ್ 1 ಗ್ರಾಂ. ಈ ಲವಣ ಇಲ್ಲಾಂದ್ರ ಅದು ಗಂಜಿ, ಹೆಪ್ಪುಗಟ್ಟೂದಿಲ್ಲ. ಬಿಸಿ ಬಿಸಿ ಇದ್ದಾಗಲೇ ಸುರಿದು ಮುಗಿಸ್ರಿ, ಸ್ವಲ್ಪ ಆರಿದ್ರ ಬಾಟ್ಲಿಯಾಗೇ ಕೂಡ್ತೈತಿ, ಮತ್ತ ಕರಗಿಸೋದು ಕಷ್ಟ. ಆ ಬಿಸಿಗೆ ಪ್ಲಾಸ್ಟಿಕ್ ಪ್ಲೇಟ್ ಸೊಟ್ಟ ಆಗ್ತಾವ, ಗಾಜಿನವೇ ಬೇಕು.

ಈ ಕೆಲಸದಾಗ ಜನರನ್ನ ಸೋಲಿಸೋದು ಬಿಸಿ ಅಲ್ಲ, ಒಣಗೋದು. ಅದಕ್ಕ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಾಗ ತಳಕ್ಕ ಒದ್ದಿ ಟವೆಲ್ ಹಾಸಿ, ಮ್ಯಾಲ ಪ್ಲೇಟುಗಳನ್ನ ತಲೆಕೆಳಗ ಇಟ್ಟು, ಡಬ್ಬಿಯನ್ನೇ ಓವನಿನೊಳಗ ಇಡ್ರಿ. ದಿನಕ್ಕ ಒಮ್ಮೆ ಟವೆಲ್ ನೋಡ್ರಿ. ಡಬ್ಬಿಯೊಳಗ ಬ್ಯಾರೆ ಥರ್ಮಾಮೀಟರ್ ಇರಲಿ. ಓವನಿನ ಮುಂದಿನ ಅಂಕಿಗೂ ಒಳಗಿನ ಮೂಲೆಗೂ 5 ಡಿಗ್ರಿ ಫರಕು ಸಾಮಾನ್ಯ. ವಾಟರ್ ಬಾತಿಗೆ ಡಿಸ್ಟಿಲ್ಡ್ ನೀರೇ ಹಾಕ್ರಿ. ನಮ್ಮ ಬೋರಿನ ಗಡಸು ನೀರು 70 ಡಿಗ್ರಿಗೆ ಹೀಟರ್ ಕಾಯಿಲಿಗೆ ಸುಣ್ಣ ಕಟ್ಟಿಸಿ ಹದಿನೈದು ದಿನದಾಗ ಬಿಸಿ ಏರದಂಗ ಮಾಡ್ತೈತಿ.

ಗಾಳಿ ಎರಡನೇ ತೊಡಕು. 25 ಡಿಗ್ರಿ ನೀರಿನಾಗ ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಕರಗ್ತೈತಿ, 70ಕ್ಕ ಅದರ ಅರ್ಧಕ್ಕೂ ಕಡಿಮಿ. ಥರ್ಮಸ್‌ಗೆ ಗಾಳಿ ಬೇಕು. 100 ಮಿಲಿ ಫ್ಲಾಸ್ಕಿನಾಗ 10 ಮಿಲಿ ಮೀಡಿಯಾ, ಅದರ ಮ್ಯಾಲ ಬ್ಯಾಡ. 1 ಮಿಲಿ ಮಾದರಿ ಹಾಕಿ 70ಕ್ಕ ಇಟ್ರ ಒಂದರಿಂದ ಮೂರು ದಿನದಾಗ ಮಸುಕಾಗ್ತೈತಿ.

ಆದ್ರ ಫ್ಲಾಸ್ಕ್ ಒಂದನ್ನೇ ನಂಬಿದ್ರ ಎಲ್ಲಕ್ಕಿಂತ ಜೋರು ಓಡೋ ಒಂದೇ ಜಾತಿ ಸಿಗ್ತೈತಿ, ಉಳಿದವು ಅದರ ಕೆಳಗ ಮುಚ್ಚಿಹೋಗ್ತಾವ. ಅದೇ ದಿನ ಮಾದರಿಯನ್ನ ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳು ಮಾಡಿ ನೇರ ಪ್ಲೇಟಿಗೂ ಹಚ್ರಿ.

ರಾಣೇಬೆನ್ನೂರು ಬೀಜ

55 ಡಿಗ್ರಿಗೆ ಇಟ್ರ ಹೆಚ್ಚು ಜಾತಿ ಸಿಗೂದಿಲ್ವೇನ್ರಿ? ಓವನಿಗೂ ಹಗುರ.

ಅತ್ತಿಕೊಳ್ಳದ ಅಕ್ಕ

ಹೆಚ್ಚು ಸಿಗ್ತಾವ, ಬೇಕಾದ್ದು ಸಿಗೂದಿಲ್ಲ. 55ಕ್ಕ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಥರದ ಮಣ್ಣಿನ ಜೀವಿಗಳು ಪ್ಲೇಟ್ ತುಂಬ ಹರಡಿಬಿಡ್ತಾವ. 70ಕ್ಕ ಅವುಗಳ ಸದ್ದಿಲ್ಲ. ಇಲ್ಲಿ ಬಿಸಿಯೇ ಜರಡಿ.

ಬಂದ ಕಾಲೊನಿ ಥರ್ಮಸ್ ಹೌದೋ ಅಲ್ಲೋ ಅಂತ ಮೊದಲ ನೋಟಕ್ಕ: ಬಣ್ಣ ಹಳದಿ (ಕ್ಯಾರೊಟಿನಾಯ್ಡ್), ಗ್ರಾಂ ಋಣ (ಗ್ರಾಂ ಬಣ್ಣದ ಪರೀಕ್ಷೆಯಾಗ ನೇರಳೆ ಉಳಿಯದ್ದು), ಉದ್ದ ಕಡ್ಡಿ, ಕೆಲವೊಮ್ಮೆ ದಾರದಂಗ, ಸ್ಪೋರ್ ಇಲ್ಲ. ಜಿಯೊಬ್ಯಾಸಿಲಸ್ ಆದ್ರ ಸ್ಪೋರ್ ಐತಿ. ಅನುಮಾನ ಬಂದ್ರ 1 ಮಿಲಿ ಕಲ್ಚರನ್ನ (ಬೆಳೆಸಿದ ಜೀವಿಯ ದ್ರಾವಣವನ್ನ) ಕುದಿಯೋ ನೀರಿನಾಗ 10 ನಿಮಿಷ ಇಟ್ಟು ಮತ್ತ 65ಕ್ಕ ಬೆಳೆಸ್ರಿ: ಎದ್ರ ಸ್ಪೋರ್ ಜಾತಿ, ಏಳಲಿಲ್ಲ ಅಂದ್ರ ಥರ್ಮಸ್ ಇರಬಹುದು. ಪಕ್ಕಾ ಆಗೋದು ಜಾತಿ ಗುರುತಿಸೋದಕ್ಕ ಬಳಸೋ 16ಎಸ್ ಜೀನ್ ಓದಿಸಿದಾಗ. ಆ ಜೀನ್ ನಕಲು ಮಾಡಾಕ 27ಎಫ್ ಮತ್ತು 1492ಆರ್ ಪ್ರೈಮರ್ (ನಕಲು ಶುರುಮಾಡೋ ಡಿಎನ್ಎ ತುಣುಕು) ಸಾಕು. ಬರೇ ಹಳದಿ ಬಣ್ಣ ನೋಡಿ ವರದಿ ಬರೀಬ್ಯಾಡ್ರಿ, ಬಣ್ಣ ಇಲ್ಲದ ಥರ್ಮಸ್ಸೂ ಅದಾವ.

ರಾಣೇಬೆನ್ನೂರು ಬೀಜ

ಒಂದು ತಿಳೀಬೇಕು. ಇವುಗಳ ಡಿಎನ್ಎದಾಗ ಜಿ-ಸಿ (ಗ್ವಾನಿನ್-ಸೈಟೊಸಿನ್) ಜೋಡಿ ಹೆಚ್ಚು, ಅದಕ್ಕ ಬಿಸಿ ತಡೀತಾವ ಅಂತ ಪಾಠದಾಗ ಓದೋದು ಸರಿ ಐತೇನ್ರಿ?

ಉಣಕಲ್ ಪ್ರಯೋಗಶಾಲೆ

ಅದು ನಿಲ್ಲೂದಿಲ್ಲ. ಥರ್ಮಸ್ ಅಕ್ವಾಟಿಕಸ್‌ನಾಗ ಜಿ-ಸಿ ಶೇಕಡಾ 68ರ ಆಸುಪಾಸು, ಬೆಳೆಯೋದು 70ಕ್ಕ. ಇಟಲಿಯ ವುಲ್ಕಾನೊ ದ್ವೀಪದ ಪೈರೊಕಾಕಸ್ ಫ್ಯೂರಿಯೋಸಸ್‌ನಾಗ ಶೇಕಡಾ 41ರಷ್ಟೇ, ಬೆಳೆಯೋದು 100 ಡಿಗ್ರಿಗೆ. ರೈಬೋಸೋಮಿನ ಆರ್‌ಎನ್‌ಎದಾಗ ಮಾತ್ರ ಬಿಸಿಗೂ ಜಿ-ಸಿಗೂ ನಂಟು ಕಾಣ್ತೈತಿ. ಅತಿ ಉಷ್ಣಪ್ರಿಯಗಳಾಗ ರಿವರ್ಸ್ ಗೈರೇಸ್ ಅನ್ನೋ ಕಿಣ್ವ ಡಿಎನ್ಎಯನ್ನ ಬಿಗಿ ತಿರುಚಿ ಇಡ್ತೈತಿ. ಪ್ರೋಟೀನಿನಾಗ ಒಂದೇ ಗುಟ್ಟು ಅಂತಿಲ್ಲ: ಒಳಗ ದಟ್ಟ ಜೋಡಣೆ, ಮ್ಯಾಲ ಹೆಚ್ಚು ವಿದ್ಯುತ್ ಬಂಧ, ಜೋತಾಡೋ ಕುಣಿಕೆ ಗಿಡ್ಡ.

ಪೈರೊಕಾಕಸ್ ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಅನ್ನೋ ಬ್ಯಾರೆ ಸೂಕ್ಷ್ಮಜೀವಿ ಬಳಗದ್ದು. ಪಿಎಚ್ 2–3ರ ಆಮ್ಲ ನೀರಿನ ಸಲ್ಫೊಲೋಬಸ್ಸೂ ಆರ್ಕಿಯಾ. ಅದನ್ನ ಕೊಂಕಣದಾಗ ಹುಡುಕಬ್ಯಾಡ್ರಿ, ಅಲ್ಲಿಯ ನೀರು ಆಮ್ಲ ಅಲ್ಲ. ಸದ್ಯದ ಬಿಸಿಯ ದಾಖಲೆ ಸಮುದ್ರತಳದ ಮೆಥನೊಪೈರಸ್ ಕಾಂಡ್ಲೆರಿಯದ್ದು, ಹೆಚ್ಚಿನ ಒತ್ತಡದಾಗ 122 ಡಿಗ್ರಿ, 2008ರಾಗ ಪ್ರಕಟ ಆದದ್ದು. ಇಂಥಾವು ರೋಗ ತರ್ತಾವೇನು ಅಂತ ಮಕ್ಕಳು ಕೇಳ್ತಾರ. ಇಲ್ಲ, ನಮ್ಮ ಮೈಯ 37 ಡಿಗ್ರಿ ಅವಕ್ಕ ಹಿಮ.

ಥರ್ಮಸ್ ಯಾಕ ಇಷ್ಟು ಹೆಸರಾತು ಅನ್ನೋದನ್ನ ವರದಿಯಾಗ ಬರೀರಿ. 1983ರಾಗ ಕ್ಯಾರಿ ಮುಲ್ಲಿಸ್ ಅವರಿಗೆ ಪಿಸಿಆರ್ (ಕಾಯಿಸಿ ಆರಿಸಿ ಡಿಎನ್ಎಯನ್ನ ಸುತ್ತು ಸುತ್ತಿಗೆ ನಕಲು ಮಾಡೋ ವಿಧಾನ) ಹೊಳೆದಾಗ ಈ. ಕೋಲೈ ಕಿಣ್ವ ಪ್ರತಿ ಸುತ್ತಿನ 95 ಡಿಗ್ರಿಗೆ ಸಾಯ್ತಿತ್ತು, ಪ್ರತಿ ಸುತ್ತಿಗೆ ಹೊಸದಾಗಿ ಹಾಕಬೇಕಿತ್ತು. ಥರ್ಮಸ್‌ನ ಟ್ಯಾಕ್ ಕಿಣ್ವ 1976ರಾಗಲೇ ಶುದ್ಧವಾಗಿ ತಗದಿಟ್ಟಿದ್ದು, 95 ಡಿಗ್ರಿಗೆ ಅದರ ಅರ್ಧ ಬಲ ಕಳೆಯೋದಕ್ಕ ಸುಮಾರು 40 ನಿಮಿಷ ಬೇಕು. 1988ರ ಹೊತ್ತಿಗೆ ಅದು ಪಿಸಿಆರ್‌ನ ಬೆನ್ನೆಲುಬಾತು. 1991ರಾಗ ಪಿಸಿಆರ್‌ನ ಪೇಟೆಂಟ್ ಹಕ್ಕು 30 ಕೋಟಿ ಡಾಲರಿಗೆ ಕೈ ಬದಲಾತು. ಬ್ಯಾಕ್ಟೀರಿಯಾ ಕೊಟ್ಟ ಯೆಲ್ಲೋಸ್ಟೋನಿಗೆ ಒಂದು ಪೈಸಾ ಬರಲಿಲ್ಲ. ಅದು ಅನ್ಯಾಯ. ನಮ್ಮಲ್ಲಿ 2002ರ ಜೈವಿಕ ವೈವಿಧ್ಯ ಕಾಯ್ದೆ ಐತಿ, ಕಲ್ಚರನ್ನ ವಿದೇಶಕ್ಕ ಕಳಿಸೋ ಅಥವಾ ವ್ಯಾಪಾರಕ್ಕ ಬಳಸೋ ವಿಚಾರ ಬಂದ್ರ ಮೊದಲ ಅದರ ನಿಯಮ ನೋಡ್ರಿ. ಬರೇ ಓದಿಗೆ ಈ ತೊಡಕಿಲ್ಲ.

ಎರೆಹೊಲ

ಹಾವೇರಿ ಕಡೆಯ ಮಾತು ಒಂದು ಸೇರಿಸ್ತೀನಿ. ಬುಗ್ಗೆ ಇಲ್ಲದ ಊರಾಗ ಉಷ್ಣಪ್ರಿಯ ಇಲ್ಲ ಅಂತಿಲ್ಲ, ತಿಪ್ಪಿ ಸರಿ ಒಟ್ಟಿದ್ರ ನಾಲ್ಕೇ ದಿನಕ್ಕ 60 ಡಿಗ್ರಿ ಮುಟ್ಟತೈತಿ. ಜಿಯೊಬ್ಯಾಸಿಲಸ್ ಅಲ್ಲಿ ಹೇರಳ. ಬಹಳ ಕಾದ ಗೊಬ್ಬರದಾಗ ಥರ್ಮಸ್ ಸಿಕ್ಕದ್ದೂ ಉಂಟು.

ಉದ್ದ, ಅಗಲ, ಎತ್ತರ ಒಂದೊಂದು ಮೀಟರಿಗೆ ಕಡಿಮಿ ಆದ್ರ ಬಿಸಿ ಹೊರಗ ಸೋರಿ ಹೋಗತೈತಿ. 1.2 ಮೀಟರ್ ಮಾಡ್ರಿ. ಕತ್ತರಿಸಿದ ಗೋವಿನಜೋಳದ ದಂಟು ಮೂರು ಬುಟ್ಟಿಗೆ ಹಸಿ ಸಗಣಿ ಒಂದು ಬುಟ್ಟಿ, ಪದರ ಪದರ. ಇಂಗಾಲ ಸಾರಜನಕದ ಪ್ರಮಾಣ 30ಕ್ಕ 1ರ ಸನಿಹ ಇರಬೇಕು; ದಂಟು ಹೆಚ್ಚಾದ್ರ ಕಾಯೂದಿಲ್ಲ, ಸಗಣಿ ಹೆಚ್ಚಾದ್ರ ಅಮೋನಿಯಾ ಘಾಟು. ಮುಷ್ಟಿಯಾಗ ಹಿಂಡಿದ್ರ ಎರಡು ಮೂರು ಹನಿ ಬೀಳಬೇಕು, ಧಾರಿ ಹರಿಯಬಾರದು. ಕಬ್ಬಿಣದ ಸಲಾಕಿ ನಡುವಿಗೆ ಚುಚ್ಚಿ 10 ನಿಮಿಷ ಬಿಟ್ಟು ತಗೀರಿ, ಕೈಯಾಗ ಹಿಡಿಯಾಕ ಆಗದಷ್ಟು ಸುಟ್ರ ಒಳಗ ಛಲೋ ಕಾದೈತಿ. 70 ದಾಟಿದ್ರ ಬುಡಮೇಲು ಮಾಡ್ರಿ, ಗೊಬ್ಬರ ಮಾಡೋ ಜೀವಿಗಳೂ ಸಾಯಾಕ ಹತ್ತತಾವ. ಕಳೆ ಬೀಜ, ರೋಗ ಸಾಯಬೇಕಂದ್ರ 55ರ ಮ್ಯಾಲ 15 ದಿನ, ಆ ಹೊತ್ತಿನಾಗ 5 ಸಲ ಮಗುಚಬೇಕು, ಯಾಕಂದ್ರ ಹೊರಗಿನ ಅರ್ಧ ಅಡಿ ಕಾದಿರೂದೇ ಇಲ್ಲ.

ಬಣವಿ ಒಟ್ಟೋರಿಗೂ ಇದೇ ಜೀವಿಗಳ ಕಾಟ. ಮಳಿಗೆ ಸಿಕ್ಕ ಹೊಟ್ಟು, ಕಣಿಕಿ ಒಣಗದ ಒಟ್ಟಿದ್ರ ಒಳಗ ಬ್ಯಾಕ್ಟೀರಿಯಾ, ಬೂಷ್ಟು 65–70 ತನಕ ಕಾಯಿಸತಾವ. ಅಲ್ಲಿಂದ ಮುಂದ ಜೀವಿ ಬೇಕಾಗಿಲ್ಲ, ರಾಸಾಯನಿಕ ಕ್ರಿಯೆಯೇ ಏರಿಸಿಕೊಂತ ಹೋಗಿ ಬೆಂಕಿ ಹತ್ತತೈತಿ. ತೇವ ಶೇಕಡಾ 20ರ ಒಳಗ ಇಳಿದ ಮ್ಯಾಲ ಒಟ್ರಿ. 65 ಕಂಡ್ರ ದಿನಾ ಎರಡು ಸಲ ನೋಡ್ರಿ. 80 ಮುಟ್ಟಿದ್ರ ಬಿಚ್ಚಾಕ ಹೋಗಬ್ಯಾಡ್ರಿ, ಗಾಳಿ ಹೊಕ್ಕ ಕೂಡ್ಲೇ ಭಗ್ ಅನ್ನತೈತಿ, ಅಗ್ನಿಶಾಮಕದವರನ್ನ ಕರೀರಿ. ಇಂಥ ಕಾದು ಬೂಷ್ಟು ಹಿಡಿದ ಹೊಟ್ಟನ್ನ ಕೊಡವಿದ್ರ ಏಳೋ ಧೂಳಿನಾಗ ಉಷ್ಣಪ್ರಿಯ ಆಕ್ಟಿನೊಮೈಸಿಟುಗಳ (ಬೂಷ್ಟಿನಂಗ ಎಳೆ ಬಿಡೋ ಬ್ಯಾಕ್ಟೀರಿಯಾಗಳ) ಸ್ಪೋರ್ ಇರತಾವ. ವರ್ಷಗಟ್ಟಲೆ ಉಸಿರಾಡಿದ್ರ ಪುಪ್ಪುಸ ಬಾತು ಗಟ್ಟಿ ಆಗತೈತಿ. ಟವೆಲ್ ಕಟ್ಟಿದ್ರ ಸಾಲೂದಿಲ್ಲ, ಎನ್95 ಮಾಸ್ಕ್ ಹಾಕ್ರಿ.

ಸಾಧನಕೇರಿ ಓದುಗ

ಎಲ್ಲಾರಿಗೂ ಧನ್ಯವಾದ್ರಿ. ಹಂಗಾದ್ರ ಮೊದಲ ಸೋಲಾರ್ ಟ್ಯಾಂಕು ಮತ್ತು ತಿಪ್ಪಿ, ಆಮೇಲೆ ಉನ್ಹವರೆ. ಕಡೀಗೆ ಒಂದು: ಸಿಕ್ಕ ಕಲ್ಚರ್ ಇಟ್ಟುಕೊಳ್ಳೋದು ಹೆಂಗ?

ಅತ್ತಿಕೊಳ್ಳದ ಅಕ್ಕ

ಪ್ಲೇಟನ್ನ ಫ್ರಿಜ್ಜಿನಾಗ ಇಟ್ಟು ಥರ್ಮಸ್ ವಾರಗಟ್ಟಲೆ ಉಳೀತೈತಿ ಅಂತ ನಂಬಬ್ಯಾಡ್ರಿ. ಚೆನ್ನಾಗಿ ಬೆಳೀತಿರೋ ಕಲ್ಚರ್ 0.75 ಮಿಲಿಗೆ ಶೇಕಡಾ 80ರ ಶುದ್ಧ ಗ್ಲಿಸರಾಲ್ 0.25 ಮಿಲಿ ಕೂಡಿಸಿದ್ರ ಶೇಕಡಾ 20 ಆಗ್ತೈತಿ. ಮೈನಸ್ 80ಕ್ಕ ಇಡ್ರಿ. ಒಂದೊಂದು ಜಾತಿಗೆ ಐದು ಟ್ಯೂಬ್, ಒಂದನ್ನ ವಾರದ ಮ್ಯಾಲ ಕರಗಿಸಿ ಬೆಳೀತೈತೋ ನೋಡ್ರಿ. ಜಿಯೊಬ್ಯಾಸಿಲಸ್‌ಗೆ ಇಷ್ಟು ಉಪಚಾರ ಬ್ಯಾಡ, ಸ್ಪೋರ್ ಕಟ್ಟಿದ ಮ್ಯಾಲ ಶುದ್ಧ ಫಿಲ್ಟರ್ ಕಾಗದದ ಮ್ಯಾಲ ಒಣಗಿಸಿ ಲಕೋಟೆಯಾಗ ಹಾಕಿಡ್ರಿ, ವರ್ಷಗಟ್ಟಲೆ ಉಳೀತೈತಿ. ಟ್ಯೂಬಿನ ಮ್ಯಾಲ ಬರೇ ಊರ ಹೆಸರು ಬರೀಬ್ಯಾಡ್ರಿ: ದಿನಾಂಕ, ಆ ಜಾಗದ ತಾಪಮಾನ, ಪಿಎಚ್, ಬಾಯಿಂದ ಎಷ್ಟು ಮೀಟರ್ ದೂರ. 16ಎಸ್ ಫಲಿತಾಂಶ ಹೊಸದು ಅನ್ನಿಸಿದ್ರ ಸೂಕ್ಷ್ಮಜೀವಿಗಳನ್ನ ಕಾಪಿಡೋ ಸಂಗ್ರಹಾಲಯಗಳಾದ ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಎಂಆರ್‌ಗೆ ಠೇವಣಿ ಕೊಡಬಹುದು, ಅವರು ಮೊದಲ ಕೇಳೋದೂ ಇದೇ ನಾಲ್ಕು ವಿವರ.